ಫೋಟೋದಲ್ಲಿರುವ ಬೆಕ್ಕು

ಫೋಟೋ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಗಳು ಸ್ಟ್ಯಾಂಡಿನ ಹಿಂಗಾಲಿಗೆ ಮಡಚಿದ ರಟ್ಟಿನ ತುಂಡು ತುರುಕಿ ಎದ್ದು ನಿಂತಳು. ಅದು ಮತ್ತೆ ಎಡಕ್ಕೆ ವಾಲಿತು.

"ಇನ್ನೊಂಚೂರು ಬಲಕ್ಕೆ," ಎಂದಳು ಅತ್ತೆ, ಕುರ್ಚಿಯಿಂದ ಏಳದೆ. ತೀರಿಕೊಂಡವನ ಅಕ್ಕ ಅವಳು. ಬೆಳಗ್ಗೆಯಿಂದ ಅತ್ತು ಧ್ವನಿ ಕಟ್ಟಿಹೋಗಿದ್ದರೂ ಹೇಳಬೇಕಾದ್ದನ್ನು ಹೇಳುವುದು ಬಿಟ್ಟಿರಲಿಲ್ಲ. "ಬದುಕಿದ್ದಾಗ್ಲೂ ಹೀಗೇ. ಫೋಟೋ ಅಂದ್ರೆ ಸಾಕು, ತಲೆ ಒಂದ್ಕಡೆ, ಮೈ ಒಂದ್ಕಡೆ."

ಚೌಕಟ್ಟಿನೊಳಗಿನ ಅಪ್ಪ ಕೋಟು ಹಾಕಿಕೊಂಡಿದ್ದ. ಮಗಳ ಮದುವೆಯ ದಿನ ಅತ್ತೆಯ ಗಂಡನಿಂದ ಎರವಲು ತಂದ ಕೋಟು. ದೊಡ್ಡದು ಮಾಡಿಕೊಟ್ಟ ಸ್ಟುಡಿಯೋದವನು ಹಣೆಯ ಮೇಲಿನ ಗಾಯದ ಗೆರೆಯನ್ನು ಅಳಿಸಿ, ಕೆನ್ನೆಗೆ ಬಣ್ಣ ಕೊಟ್ಟಿದ್ದ.

"ನೋಡು, ಎಷ್ಟು ಲಕ್ಷಣವಾಗಿದಾನೆ. ಥೇಟ್ ಬ್ಯಾಂಕ್ ಮ್ಯಾನೇಜರು."

ಮಗಳು ನಡುಮನೆಯಲ್ಲಿ, ಬಿಳಿ ಬಟ್ಟೆಯ ಮೇಲೆ ಮಲಗಿದ್ದವನ ಕೈ ನೋಡಿದಳು. ಬೆಳಗ್ಗೆ ತಾನೇ ಸೋಪು ಹಾಕಿ ತೊಳೆದಿದ್ದಳು. ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಇಡೀ ಆಯಸ್ಸು ಲಿಫ್ಟು ರಿಪೇರಿ ಮಾಡಿದ ಕೈ ಅದು.

"ಅವನ ವಾಟ್ಸಾಪಲ್ಲಿರೋ ಫೋಟೋನೂ ತೆಗೆದು ಇದನ್ನೇ ಹಾಕ್ಬಿಡು," ಎಂದಳು ಅತ್ತೆ. "ವಿಷಯ ಗೊತ್ತಾದೋರೆಲ್ಲ ಅವನ ನಂಬರು ತೆಗೆದು ನೋಡ್ತಿರ್ತಾರೆ. ಬಾಯಿ ಬಿಟ್ಕೊಂಡು, ಒಂದು ಕಣ್ಣು ಮುಚ್ಕೊಂಡು, ಹಿಂದೆ ಲೋಕದ ಗುಜರಿ ಎಲ್ಲ ಹರಡ್ಕೊಂಡು... ಅದಾ ಅವನ ಮುಖ? ಸ್ಮಶಾನದ ಗಾಡಿ ಬರೋದ್ರೊಳಗೆ ಹಾಕಮ್ಮ, ಪುಣ್ಯ ಬರುತ್ತೆ."

"ಹಾಕ್ತೀನಿ ಅತ್ತೆ."

ಅಪ್ಪನ ಫೋನು ಅವಳ ಕೈಯಲ್ಲೇ ಇತ್ತು. ಇನ್ನು ಮೇಲೆ ಅಪ್ಪ ಎಂದರೆ ಒಂದು ಫೋಟೋ, ಅಷ್ಟೇ. ಅದು ಯಾವುದೆಂದು ತಾನು ಹೇಳಬೇಕು. ಹೇಳುವಷ್ಟು ಅವನನ್ನು ಬಲ್ಲೆನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಮಾತಾಡಿದ್ದೇ ಕಡಿಮೆ. ಅಮ್ಮ ಇರುವ ತನಕ ಅವನ ಪಾಲಿನದನ್ನೂ ಅವಳೇ ಆಡುತ್ತಿದ್ದಳು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಗಡಿಯಾರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

*

ಎರಡು ವರ್ಷದ ಹಿಂದೆ, ಒಂದು ಭಾನುವಾರ, ಅವಳು ಆ ಫೋಟೋದ ವಿಷಯ ಎತ್ತಿದ್ದಳು.

"ಅಪ್ಪಾ, ನಿನ್ನ ವಾಟ್ಸಾಪ್ ಫೋಟೋ ನೋಡಿ ನಮ್ಮ ಆಫೀಸಲ್ಲಿ ನಗ್ತಾರೆ. 'ನಿಮ್ಮಪ್ಪಂದು ಗುಜರಿ ಅಂಗಡೀನಾ' ಅಂತ ಕೇಳಿದ್ರು."

ಅಪ್ಪ ಇಕ್ಕಳದ ಹಿಡಿಗೆ ಟೇಪು ಸುತ್ತುತ್ತಿದ್ದ. "ಹೌದಾ," ಎಂದ.

ಅವಳೇ ನೀಲಿ ಅಂಗಿ ಹುಡುಕಿ ಇಸ್ತ್ರಿ ಮಾಡಿದಳು. ತಲೆ ಬಾಚಿದಳು. ಬಾಲ್ಕನಿಯ ಬಿಳಿ ಗೋಡೆಗೆ ಒರಗಿಸಿ ಕೂರಿಸಿದಳು. ಕ್ಷೌರಕ್ಕೆ ಕೂತವನ ಹಾಗೆ ಅಪ್ಪ ಅಲುಗಾಡದೆ ಕೂತ. ಬೆಳಕು ಚೆನ್ನಾಗಿತ್ತು. ಅಪ್ಪನ ಕಣ್ಣು ಇಷ್ಟು ಕಂದು ಎಂದು ಅವಳಿಗೆ ಅವತ್ತೇ ತಿಳಿದದ್ದು. ತಾನೇ ಆರಿಸಿ, ತಾನೇ ಹಾಕಿಕೊಟ್ಟು ಬಂದಳು.

ಮುಂದಿನ ಭಾನುವಾರ ನೋಡಿದರೆ ಹಳೆಯದೇ ವಾಪಸು ಬಂದಿತ್ತು. ಅದೇ ಬಿಟ್ಟ ಬಾಯಿ, ಅದೇ ಮುಚ್ಚಿದ ಕಣ್ಣು.

"ಯಾಕಪ್ಪಾ? ಚೆನ್ನಾಗಿರ್ಲಿಲ್ವಾ ನಾನು ತೆಗೆದಿದ್ದು?"

"ಚೆನ್ನಾಗಿತ್ತು." ಆಮೇಲೆ ಸೇರಿಸಿದ: "ಅದರಲ್ಲಿ ನೋಡೋಕೆ ಏನೂ ಇಲ್ಲ ಕಣೇ."

ಅವಳು ಮುಂದೆ ಕೇಳಲಿಲ್ಲ.  ಅವತ್ತು ಅವಳು ಎಂದಿಗಿಂತ ಬೇಗ ಬಸ್ಸು ಹಿಡಿದಳು. ಅಪ್ಪ ಸ್ಟಾಪಿನ ತನಕ ಬಂದು, ಬಸ್ಸು ತಿರುವು ದಾಟುವವರೆಗೆ ನಿಂತಿದ್ದ.

*

ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ ಹೆಂಗಸೊಬ್ಬಳು ಚೌಕಟ್ಟಿನ ಮುಂದೆ ತಡೆದು ನಿಂತಳು. ಹೊರಗೆ ಹೋಗಿ ಬಾಗಿಲ ಮೇಲಿನ ಬೋರ್ಡು ಓದಿದಳು. ಮತ್ತೆ ಒಳಗೆ ಬಂದಳು.

"ಇಲ್ಲಿ... ಲಿಫ್ಟಿನವರು ಅಂತ..."

"ಹೌದು. ಇವರೇ," ಎಂದಳು ಮಗಳು.

"ಇವರಲ್ಲಮ್ಮಾ. ಇವರು ಯಾರೋ ದೊಡ್ಡ ಮನುಷ್ಯರು." ಹೊಲಿಗೆಯವಳು ತನ್ನ ಫೋನು ತೆಗೆದು ತೋರಿಸಿದಳು. ಅದೇ ಬಿಟ್ಟ ಬಾಯಿಯ ಫೋಟೋ. "ನಂಗೆ ಇವರು ಬೇಕಿತ್ತು."

ಆಮೇಲೆ ಮಲಗಿದ್ದವನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹಣೆಯ ಗಾಯದ ಗೆರೆ ನೋಡಿದಳು. "ಹಾಂ. ಇವರೇ," ಎಂದು ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು. "ಬೆಕ್ಕು ನಂಗೆ ಸಿಗ್ಲೇ ಇಲ್ಲ ಅಣ್ಣಾ."

"ಯಾವ ಬೆಕ್ಕು?" ಮಗಳು ಕೇಳಿದಳು.

ಉತ್ತರ ಬಂದದ್ದು ಹಿಂದಿನ ಸಾಲಿನಿಂದ. ನಿವೃತ್ತ ಹೆಡ್‌ಮೇಷ್ಟ್ರು, ಎರಡು ಕುರ್ಚಿ ತುಂಬುವ ಆಳು, ಊರುಗೋಲು ಎತ್ತಿ ಹೇಳಿದರು: "ಇದೆ, ಇದೆ. ಛತ್ರಿ ಹಿಂದೆ. ಬಾಲ ಮಾತ್ರ ಕಾಣುತ್ತೆ."

"ಅದು ವೈರು ಸಾರ್!"

"ವೈರಿಗೆ ಕೂದಲಿರುತ್ತೇನಮ್ಮಾ? ಕರೆಂಟು ಬರೋ ತನಕ ನಾನು ಅದನ್ನೇ ನೋಡಿದೀನಿ. ನನಗೆ ಹೇಳ್ತೀಯಾ?"

"ನಾನೇನು ಕಣ್ಣು ಮುಚ್ಕೊಂಡಿದ್ನಾ ಸಾರ್ ಲಿಫ್ಟೊಳಗೆ? ಮೂರನೇ ಮಹಡಿಗೂ ನಾಲ್ಕನೇದಕ್ಕೂ ಮಧ್ಯೆ ನೇತಾಡ್ತಾ ಇದ್ದೆ. ಒಂದು ಮೂಲೆ ಬಿಟ್ಟಿಲ್ಲ."

ಅತ್ತೆ ಅವರಿಬ್ಬರನ್ನೂ ದುರುಗುಟ್ಟಿ ನೋಡಿದಳು. "ಸಾವಿನ ಮನೇಲಿ ಇದೇನಿದು, ಬೆಕ್ಕಿನ ಪಂಚಾಯ್ತಿ?"

"ಬೆಕ್ಕು ಇಲ್ಲ." ಇದುವರೆಗೆ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದವನು ಹೇಳಿದ. ಅಪ್ಪನ ಜೊತೆಗಾರ. ಎಲ್ಲರೂ ಅವನನ್ನು ಗ್ರೀಸು ಎಂದೇ ಕರೆಯುತ್ತಿದ್ದದ್ದು. "ಆ ಫೋಟೋ ತೆಗೆದೋನು ನಾನೇ. ಅದರಲ್ಲಿ ಬೆಕ್ಕು ಇಲ್ಲ."

ಹೆಡ್‌ಮೇಷ್ಟ್ರು ಊರುಗೋಲು ಕೆಳಗಿಟ್ಟರು.

*

ಗ್ರೀಸು ಹೇಳಿದ್ದು ಇಷ್ಟು.

ಹಳೆಯ ಕಟ್ಟಡವೊಂದರಲ್ಲಿ ಲಿಫ್ಟು ನಿಂತಿತ್ತು. ಒಳಗೆ ಒಬ್ಬಳೇ ಹುಡುಗಿ. ಮೇಲೆ, ತಾರಸಿಯ ಮೆಷಿನ್ ರೂಮಿನಲ್ಲಿ ಇವರಿಬ್ಬರು. ಇಂಥ ಹೊತ್ತಿನಲ್ಲಿ ಬ್ರೇಕು ಬಿಡಿಸಿ, ದೊಡ್ಡ ಚಕ್ರವನ್ನು ಕೈಯಿಂದಲೇ ಇಂಚಿಂಚಾಗಿ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರಬೇಕು. ಆತುರ ಪಡುವಂತಿಲ್ಲ. ಆದರೆ ಒಳಗಿದ್ದವರಿಗೆ ಆತುರ. ಹೆದರಿದವರು ಬಾಗಿಲು ಒದೆಯುತ್ತಾರೆ, ಸಂದಿಯಲ್ಲಿ ಕೈ ತೂರಿಸುತ್ತಾರೆ. ಆಗಲೇ ಅನಾಹುತ ಆಗುವುದು.

"ಏನಾದ್ರೂ ಮಾತಾಡಿ ಅಂಕಲ್," ಎಂದು ಫೋನಿನಲ್ಲಿ ಹುಡುಗಿ ಅಳುತ್ತಿದ್ದಳು. "ಸುಮ್ನಿರ್ಬೇಡಿ, ಮಾತಾಡಿ."

ಅಪ್ಪ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೆವರುತ್ತಿದ್ದ. ಅವನಿಗೆ ಮಾತು ಬರಲಿಲ್ಲ. ಸುತ್ತ ನೋಡಿದ. ಎದುರಿಗೆ ಎಣ್ಣೆಯ ಡಬ್ಬ ಇತ್ತು. ಅದರ ಮೇಲೆ ಬರೆದದ್ದನ್ನು ಓದತೊಡಗಿದ.

"ಉಪಯೋಗಿಸುವ ಮುನ್ನ ಚೆನ್ನಾಗಿ ಅಲುಗಾಡಿಸಿ. ಬಿಸಿಲಿನಲ್ಲಿ ಇಡಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ..."

ಡಬ್ಬ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ಹುಡುಗಿ ಹೊರಗೆ ಬಂದಾಗ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಅಪ್ಪ ಮಾತ್ರ ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

"ನಂಗೆ ಮಾತು ಬರಲ್ಲ ಕಣೋ," ಎಂದ. "ಮಾತಿನ ಬದಲಿಗೆ ಇನ್ನೇನಾದ್ರೂ ಬೇಕು."

ಮರುದಿನ ಮೆಷಿನ್ ರೂಮಿಗೆ ಮನೆಯಿಂದ ಗೋಣಿಚೀಲ ಹೊತ್ತು ತಂದ. ಕಡ್ಡಿ ಮುರಿದ ಛತ್ರಿ, ಫ್ಲಾಸ್ಕು, ಒಂದು ಕೈ ಇಲ್ಲದ ಗೊಂಬೆ, ಮಗಳ ಹಳೆಯ ಒಂಟಿ ಬೂಟು. ಬಣ್ಣಬಣ್ಣದ ವೈರುಗಳ ನಡುವೆ ಅವನ್ನೆಲ್ಲ ಇಟ್ಟ. ದೂರ ನಿಂತು ನೋಡಿದ. ಫ್ಲಾಸ್ಕನ್ನು ಅರ್ಧ ಮರೆಮಾಡಿದ. ಮತ್ತೆ ದೂರ ನಿಂತ. ಅರ್ಧ ದಿನ ಹೀಗೇ ಹೋಯಿತು. ಕೊನೆಗೆ ತಾನು ಮುಂದೆ ಬಂದು ನಿಂತು, ಗ್ರೀಸನ ಕೈಗೆ ಫೋನು ಕೊಟ್ಟ.

"ನಗು ಅಂದೆ," ಎಂದ ಗ್ರೀಸು. "'ಆ ಬೂಟು ಸ್ವಲ್ಪ ಒಳಗೆ ತಳ್ಳು' ಅಂತ ಬಾಯಿ ತೆಗ್ದ. ಅಷ್ಟರಲ್ಲಿ ನಾನು ಒತ್ಬಿಟ್ಟೆ. ಇನ್ನೊಂದು ತೆಗೀತೀನಿ ಅಂದ್ರೆ ಬೇಡ ಅಂದ. 'ನನ್ನ ಮುಖ ಯಾರಿಗೆ ಬೇಕು, ಹಿಂದಿಂದು ಸರಿಯಾಗಿ ಬಂದಿದೆಯಲ್ಲ' ಅಂದ."

ಆಮೇಲೆ ಅವನು ನೋಡಿಕೊಳ್ಳುವ ಪ್ರತಿ ಲಿಫ್ಟಿನ ಗುಂಡಿಗಳ ಪಕ್ಕ ತನ್ನ ನಂಬರಿನ ಚೀಟಿ ಅಂಟಿಸಿದ. ವಾಟ್ಸಾಪಿನಲ್ಲೇ ಕರೆ ಮಾಡಿ, ಎಂದು ಕೆಳಗೆ ಬರೆದ. ಕರೆ ಬಂದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: ನನ್ನ ಫೋಟೋದಲ್ಲಿ ಒಂದು ಬೆಕ್ಕಿದೆ, ಹುಡುಕಿ. ಫೋನನ್ನು ನೆಲದ ಮೇಲಿಟ್ಟು ಎರಡೂ ಕೈಯಿಂದ ಚಕ್ರ ಹಿಡಿಯುತ್ತಿದ್ದ.

"ಒಂದು ಬೆಕ್ಕು ತಂದು ಕೂರಿಸಿಬಿಡೋಣ್ವಾ ಅಂತ ನಾನೇ ಕೇಳಿದ್ದೆ," ಎಂದ ಗ್ರೀಸು. "'ಬೇಡಪ್ಪಾ' ಅಂದ. 'ಸಿಕ್ಬಿಟ್ರೆ ಆಮೇಲೆ ನಾನು ಮಾತಾಡ್ಬೇಕಾಗುತ್ತೆ.'"

*

ಹೊಲಿಗೆಯವಳು ಮೊದಲು ನಕ್ಕಳು. ಆಮೇಲೆ ಹೆಡ್‌ಮೇಷ್ಟ್ರು. ನಗು ಹಾಲಿನಲ್ಲಿ ಸ್ವಲ್ಪ ಹೊತ್ತು ಓಡಾಡಿ ನಿಂತಿತು.

"ಇದನ್ನ ಮನೇಲಿ ಯಾಕೆ ಹೇಳಲಿಲ್ಲ?" ಮಗಳು ಕೇಳಿದಳು.

"ನಂಗೂ ಹೇಳ್ಲಿಲ್ಲಮ್ಮ. ಪಕ್ಕದಲ್ಲಿದ್ದೆ, ಕಂಡಿತು, ಅಷ್ಟೇ."

"ಹಾಕಿದ್ಯಾ ಫೋಟೋ?" ಅತ್ತೆ ಕುರ್ಚಿಯಿಂದಲೇ ಕೇಳಿದಳು. ಧ್ವನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಗಾಡಿ ಹೊರಟಿದೆಯಂತೆ."

ಮಗಳು ಫೋನಿನ ಕಡೆ ನೋಡಿದಳು. ಕೋಟಿನ ಫೋಟೋವನ್ನು ಬೆಳಗ್ಗೆಯೇ ಆರಿಸಿ ಇಟ್ಟಿದ್ದಳು. ಒತ್ತುವುದೊಂದೇ ಬಾಕಿ. ಬೆರಳು ಗಾಜಿನ ಮೇಲಿರುವಾಗಲೇ ಫೋನು ಕೈಯಲ್ಲಿ ನಡುಗಿತು. ಹೆಸರಿಲ್ಲದ ನಂಬರಿನಿಂದ ವಾಟ್ಸಾಪ್ ಕರೆ.

"ಹಲೋ, ಲಿಫ್ಟಿನವರಾ?" ವಯಸ್ಸಾದ ಹೆಂಗಸಿನ ದನಿ. "ನಿಂತ್ಬಿಟ್ಟಿದೆ. ದೀಪಾನೂ ಹೋಯ್ತು. ನಾನೊಬ್ಳೇ ಇದೀನಿ."

ಗ್ರೀಸು ಫೋನಿಗೆ ಬಾಯಿ ತಂದು ಎಲ್ಲಿ, ಯಾವ ಕಟ್ಟಡ ಎಂದು ಕೇಳಿಕೊಂಡ. "ಎರಡು ಬೀದಿ ಆಚೆ, ಅಷ್ಟೇ," ಎಂದು ಚೀಲ ಹೆಗಲಿಗೇರಿಸಿದ. ಹೊರಡುವ ಮುನ್ನ ಮಲಗಿದ್ದವನ ಕಡೆ ತಿರುಗಿದ. "ಬರ್ತೀನಿ ಇರೋ. ನಾನು ಹೋಗ್ದೇ ಇಲ್ಲೇ ಕೂತಿದ್ರೆ ಎದ್ದು ಒದೀತೀಯ ನೀನು."

ಫೋನು ಮಗಳ ಕೈಯಲ್ಲೇ ಉಳಿಯಿತು.

"ಯಾರಾದ್ರೂ ಇದೀರಾ?" ಅಜ್ಜಿಯ ಉಸಿರು ಜೋರಾಗಿ ಕೇಳುತ್ತಿತ್ತು. ಏನನ್ನೋ ತಟ್ಟುವ ಸದ್ದು. "ಮಾತಾಡಿ. ಸುಮ್ನಿರ್ಬೇಡಿ."

ಮಗಳು ಬಾಯಿ ತೆರೆದಳು. ಏನೂ ಬರಲಿಲ್ಲ. ಹಾಲಿನಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಪ್ಪನದೇ ಗಂಟಲು ತನಗೂ ಬಂದಿದೆ ಎಂದು ಅವಳಿಗೆ ಅನ್ನಿಸಿತು.

"ಅಜ್ಜೀ," ಎಂದಳು ಕಡೆಗೆ. "ಬಾಗಿಲಿಂದ ಸ್ವಲ್ಪ ಹಿಂದೆ ಬನ್ನಿ. ಫೋನ್ ಕಿವಿಯಿಂದ ತೆಗೆದು ನೋಡಿ. ಒಬ್ಬರ ಫೋಟೋ ಕಾಣುತ್ತಾ?"

"ಹೂಂ. ಯಾರೋ ಬಾಯಿ ಬಿಟ್ಕೊಂಡಿದಾರೆ."

"ಅವರ ಹಿಂದೆ ಒಂದು ಬೆಕ್ಕಿದೆ. ಹುಡುಕಿ."

ತಟ್ಟುವ ಸದ್ದು ನಿಂತಿತು.

"ಬೆಕ್ಕಾ? ಇಲ್ಲಿ ಛತ್ರಿ ಇದೆ... ಗೊಂಬೆ... ಪಾಪ, ಕೈ ಮುರಿದಿದೆ... ಚಿಕ್ಕದೊಂದು ಬೂಟಿದೆ."

"ಅದು ನಂದು," ಎಂದಳು ಮಗಳು.

"ನಿಂದಾ? ಇನ್ನೊಂದೆಲ್ಲಮ್ಮಾ?"

"ಕಳೆದುಹೋಯ್ತು. ಬೂಟಿನ ಹಿಂದೆ ನೋಡಿ ಅಜ್ಜಿ, ಕತ್ತಲೆ ಇದೆಯಲ್ಲ, ಅಲ್ಲಿ."

ಅಜ್ಜಿ ಹುಡುಕುತ್ತಿದ್ದಳು. ಅವಳ ಉಸಿರು ಮೆಲ್ಲಗಾಯಿತು. ಹೊಲಿಗೆಯವಳು ಸದ್ದಿಲ್ಲದೆ ಬಂದು ತನ್ನ ಫೋನಿನಲ್ಲಿ ಅದೇ ಫೋಟೋ ತೆಗೆದು ಮಗಳ ಮುಂದೆ ಹಿಡಿದಳು. ಮಗಳು ಎರಡು ಬೆರಳಿನಿಂದ ಬೂಟನ್ನು ದೊಡ್ಡದು ಮಾಡಿದಳು. ಲೇಸು ಕಟ್ಟಿತ್ತು, ಅಪ್ಪ ಕಟ್ಟುವ ಹಾಗೆ, ಎರಡು ಗಂಟು. ಅದನ್ನು ದಾಟಿ ಹಿಂದಿನ ಕತ್ತಲೆಗೆ ಹೋದಳು. ಹೆಡ್‌ಮೇಷ್ಟ್ರು ಊರುಗೋಲು ಊರಿಕೊಂಡು ಬಂದು ಬಗ್ಗಿದರು. ಅತ್ತೆ ಎದ್ದಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಅವರ ಭುಜಗಳ ನಡುವೆ ತಲೆ ತೂರಿಸಿದಳು.

"ಎಲ್ಲೇ?" ಎಂದಳು ಪಿಸುದನಿಯಲ್ಲಿ. "ಸರ್ಕೊಳ್ಳಿ ಸ್ವಲ್ಪ, ನಂಗೂ ತೋರ್ಸಿ."

ಅವರ ಬೆನ್ನ ಹಿಂದೆ, ಸ್ಟ್ಯಾಂಡಿನ ಮೇಲೆ, ಕೋಟು ಹಾಕಿಕೊಂಡವನು ಮತ್ತೆ ಎಡಕ್ಕೆ ವಾಲಿದ. ನೆಟ್ಟಗೆ ಮಾಡಲು ಯಾರೂ ಹೋಗಲಿಲ್ಲ.