ಮಗ್ಗದವರ ತುಟಿಮಾತು

ಒರಿಸಾಬಾ ಊರಿನ ನಮ್ಮ ಬಟ್ಟೆ ಗಿರಣಿಯಲ್ಲಿ ಮಗ್ಗಗಳು ಓಡುವಾಗ ಕಿವಿ ಇದ್ದೂ ಇಲ್ಲದಂತೆ. ಅದಕ್ಕೇ ನಾವು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತೇವೆ, ಎದುರಿನವರ ತುಟಿ ನೋಡಿ ಕೇಳಿಸಿಕೊಳ್ಳುತ್ತೇವೆ. ಮೇಸ್ತ್ರಿಯ ಎದುರಿಗೇ ಅವನ ವಂಶವನ್ನೆಲ್ಲ ಬೈದಿದ್ದೇವೆ. ಧಣಿಯ ಮಗ ಲಿಯಾಂದ್ರೊಗೆ ಇದು ಗೊತ್ತಿರಲಿಲ್ಲ. ಗೊತ್ತಾಗಲು ಅವನು ಒಂದು ದಿನವಾದರೂ ಮಗ್ಗದ ಮುಂದೆ ನಿಂತಿರಬೇಕಿತ್ತಲ್ಲ!

ಫ್ರಾನ್ಸಿನಿಂದ ಕ್ಯಾಮೆರಾ ತರಿಸಿ ಅವನು ಮೂಕಿಚಿತ್ರ ತೆಗೆಯಲು ಹೊರಟ. ತಾನೇ ನಾಯಕ, ನಾಯಕಿ ನನ್ನ ಪಕ್ಕದ ಮಗ್ಗದ ದೊಮಿತಿಲಾ. ಮದುವೆಯಾಗುತ್ತೇನೆಂದು ನಮ್ಮ ದೇವಮಾತೆ ಗ್ವಾದಲೂಪೆ ತಾಯಿಯ ಪಟದ ಮುಂದೆ ಆಣೆಯಿಟ್ಟ. ಹುಡುಗಿ ನಂಬಿದಳು, ಬಸುರಾದಳು. ಅಷ್ಟರಲ್ಲಿ ಅವನಿಗೆ ಸಗಟು ವ್ಯಾಪಾರಿ ದೋನ್ ಇಲಾರಿಯೋನ ಮಗಳ ಜೊತೆ ಮದುವೆ ಗೊತ್ತಾಯಿತು.

"ಕೊನೇ ದೃಶ್ಯ ಒಂದ್ ಮುಗಿಸ್ಕೊಡು, ಆಮೇಲೆ ನಿನ್ ದಾರಿ ನಿಂಗೆ," ಎಂದನಂತೆ ಪಾಪಿ. "ನಾನು ನಿಮಗೆ ತಕ್ಕವಳಲ್ಲ ಅಂತ ಅಳ್ಬೇಕು. ಏನಾದ್ರೂ ಒದರು, ತುಟಿ ಅಲ್ಲಾಡಿದ್ರೆ ಸಾಕು. ಮಾತಿನ ಅಕ್ಷರ ಆಮೇಲೆ ಪರದೆ ಮೇಲೆ ನಾನ್ ಹಾಕಿಸ್ತೀನಿ."

ಅವಳು ಕ್ಯಾಮೆರಾಗೆ ಮುಖ ಕೊಟ್ಟು ಅತ್ತಳು, ತುಟಿ ಅಲ್ಲಾಡಿಸಿದಳು. ಭೇಷ್ ಎಂದನಂತೆ.

"ಏನಂದ್ಯೇ ಅಲ್ಲಿ?" ಎಂದು ನಾನು ಕೇಳಿದೆ.

"ತಡ್ಕೊಳ್ಳೇ, ಊರೇ ನೋಡುತ್ತೆ."

ಮೊದಲ ಆಟದ ದಿನ ದೊಮಿತಿಲಾಳೂ ಸೇರಿ ನಾವೆಲ್ಲ ಚಿತ್ರಮಂದಿರದ ಹಿಂಬದಿ, ಬಾಗಿಲ ಮೇಲಿನ ಮರದ ಅಟ್ಟದಲ್ಲಿ ಕುಂಬಳಬೀಜ ಬಿಡಿಸುತ್ತಾ ಕೂತಿದ್ದೆವು. ಕೆಳಗೆ ಮೊದಲ ಸಾಲಿನಲ್ಲಿ ಲಿಯಾಂದ್ರೊ, ಮದುಮಗಳು, ಅವಳಪ್ಪ. ಕೊನೆಗೆ ಪರದೆಯ ತುಂಬ ದೊಮಿತಿಲಾಳ ಮುಖ ಬಂತು. ತುಟಿ ನಿಧಾನವಾಗಿ ಆಡಿತು.

"ದೋನ್ ಇಲಾರಿಯೋ, ಪುಯೆಬ್ಲಾದಲ್ಲಿ ನೇಯ್ದೋರು ನೀವು. ಮಗ್ಗ ಬಿಟ್ರೂ ಈ ತುಟಿಮಾತು ಮರ್ತಿರೋದಿಲ್ಲ. ನನ್ ಹೊಟ್ಟೇಲಿರೋ ಕೂಸು ಲಿಯಾಂದ್ರೊಂದು. ತಾಯಿ ಮುಂದೆ ಆಣೆ ಇಟ್ಟು ಕೈಬಿಟ್ಟ. ಇವ್ನಿಗೆ ಮಗಳನ್ನ ಕೊಡೋದಾದ್ರೆ ಕಣ್ಬಿಟ್ಟು ಕೊಡಿ."

ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿತು: 'ಕ್ಷಮಿಸಿ ಒಡೆಯಾ, ನಾನು ನಿಮಗೆ ತಕ್ಕವಳಲ್ಲ.'

ಅಟ್ಟವೇ ಬೀಳುವಂತೆ ನಕ್ಕೆವು. ನನಗಂತೂ ಹೊಟ್ಟೆಯ ಉರಿಯೆಲ್ಲ ತಣ್ಣಗಾಯಿತು.

"ಅಳೋ ಕಡೆ ನಗ್ತವೆ, ಕಾಡುಮುಂಡೇವು! ದೀಪ ಹಾಕ್ರೋ!" ಎಂದು ಲಿಯಾಂದ್ರೊ ಕೂಗಿದ.

ದೀಪ ಹತ್ತಿದಾಗ ದೋನ್ ಇಲಾರಿಯೋ ಮಗಳ ಕೈಹಿಡಿದು ಎದ್ದಾಗಿತ್ತು.

"ಯಾಕ್ ಮಾವ, ಎಲ್ಲಿಗೆ? ಅವಳೇನಾದ್ರೂ ಅಂದ್ಲಾ? ಮೂಕಿಚಿತ್ರ ಅಲ್ವಾ ಇದು!"

ಮುದುಕ ಬಾಗಿಲ ಕಡೆ, ಅಂದರೆ ನಮ್ಮ ಕಡೆ, ತಿರುಗಿದ. ಅಳಿಯನಾಗಬೇಕಿದ್ದವನಿಗೆ ಉತ್ತರ ಕೊಟ್ಟ. ಬರೀ ತುಟಿಯಲ್ಲಿ.

"ಏನಂದ್ರಿ? ಕೇಳಿಸ್ಲಿಲ್ಲ! ಏನಂದ್ರಿ?" ಲಿಯಾಂದ್ರೊ ಅವನ ಹಿಂದೆ ಓಡಿದ.

ಮುದುಕ ಅಂದಿದ್ದನ್ನು ಬರೆಯಲು ನನಗೆ ನಾಚಿಕೆ. ಅಟ್ಟದಲ್ಲಿದ್ದ ನಮಗೆಲ್ಲ ಚೆನ್ನಾಗಿ ಕೇಳಿಸಿತು. ದೊಮಿತಿಲಾ ಇನ್ನೊಂದು ಬೀಜ ಬಿಡಿಸಿ ಬಾಯಿಗೆ ಹಾಕಿಕೊಂಡಳು.