ಕೇಳಿಸಿದ್ರ ಕೈ ಎತ್ತು

ರಂಜನಾಳ ಬೆರಳು ಜಾರಿ ಫೋನಿನ ಖಾಲಿ ಜಾಗಕ್ಕೆ ತಗುಲಿತು. ಸದ್ದು ಹೊರಡಲೇ ಇಲ್ಲ. ಆದರೂ ಶಾಲೆಯ ಸಭೆಯಲ್ಲಿ ಕಿವಿ ಪರೀಕ್ಷೆಗೆಂದು ಎದುರಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ಅವ್ವ, ಸುಂದರವ್ವ, ಕೈ ಎತ್ತಿದಳು.

ಅವ್ವ ಕೇಳಿ ಎತ್ತಿದ್ದಲ್ಲ, ಬೆರಳು ನೋಡಿ ಎತ್ತಿದ್ದು. ಮನೆಯಲ್ಲಿ ಪರೀಕ್ಷಿಸಿದಾಗಲೂ ಹೀಗೆಯೇ ಆಗಿರಬೇಕು.

ಬನಹಟ್ಟಿಯ ಆ ಶಾಲೆಯಲ್ಲಿ ಎಲ್ಲರಿಗೂ ಒಂದೇ ಪಾಠವಿರಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಶ್ನೆಯ ಬೆನ್ನು ಹತ್ತಿ ವರ್ಷವಿಡೀ ಪ್ರಾಜೆಕ್ಟ್ ಮಾಡಿ, ಕೊನೆಗೆ ಊರವರೆದುರು ತೋರಿಸಬೇಕಿತ್ತು. ಮಗ್ಗದ ಸದ್ದು ಕಿವಿಗೆ ಏನು ಮಾಡುತ್ತದೆ ಎಂಬುದು ರಂಜನಾಳ ಪ್ರಶ್ನೆ. ಓಣಿಯ ನೇಕಾರರಲ್ಲಿ ಬಹಳ ಮಂದಿಗೆ ಕಿವಿ ಮಂದವಾಗಿತ್ತು. ಮನೆಯ ಪರೀಕ್ಷೆಯಲ್ಲಿ ಅವ್ವನಿಗೆ ಮಾತ್ರ ಎಲ್ಲ ಸದ್ದೂ ಕೇಳಿಸಿತ್ತು.

ಅವ್ವ ನೇಯುತ್ತಿದ್ದದ್ದು ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕುಳಿತಿದ್ದ ರಾಚಪ್ಪ ಸಾಹುಕಾರರ ಕಾರ್ಖಾನೆಯಲ್ಲಿ. ಮಗ್ಗದ ಸದ್ದು ಬದಲಾದದ್ದು ಕಿವಿಗೆ ಬೀಳದೆ ಸೀರೆ ಹಾಳು ಮಾಡಿದಳೆಂದು ಅಲ್ಲಿಯೇ ನೇಯುತ್ತಿದ್ದ ಶಿವಗಂಗವ್ವನನ್ನು ಅವರು ದೀಪಾವಳಿಗೆ ಮುಂಚೆಯೇ ಕೆಲಸದಿಂದ ಬಿಡಿಸಿದ್ದರು. ಕಿವಿ ಹೋದದ್ದಕ್ಕೆ ಅವಳು ಪರಿಹಾರ ಕೇಳುತ್ತಲೇ ಇದ್ದಳು.

"ಇದೆಂಥಾ ಪರೀಕ್ಷಾರಿ, ಪ್ರೀತಿ ಟೀಚರ್?" ಸಾಹುಕಾರರು ನಕ್ಕರು. "ಮಗಳ ಕೈ ನೋಡಿ ಅವ್ವ ಕಾಪಿ ಹೊಡ್ಯಾಕತ್ತಾಳ!"

ಸಭೆ ನಕ್ಕಿತು. ಎಲ್ಲರ ಮುಖ ನೋಡಿ ಅವ್ವನೂ ನಕ್ಕಳು.

"ಖರೆ ಐತ್ರಿ," ಎಂದರು ಟೀಚರ್. "ರಂಜನಾ, ಅವ್ವನ ಕುರ್ಚಿ ಗ್ವಾಡಿ ಕಡೆ ತಿರುಗ್ಸು."

"ಬ್ಯಾಡ್ರಿ ಟೀಚರ್, ಹೊತ್ತಾತು."

"ನಿನ್ನ ಪ್ರಾಜೆಕ್ಟ್ ಐತಿ ಇದು. ಯಾಕ ಅಂಜ್ತಿ?"

ರಂಜನಾ ಕುರ್ಚಿ ತಿರುಗಿಸಿ ಸನ್ನೆ ಮಾಡಿದಳು; ಅವ್ವ ಬೆನ್ನು ತಿರುಗಿಸಿ ಕುಳಿತಳು. ಅವಳ ತುರುಬಿನಲ್ಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ರಂಜನಾ ಸದ್ದು ಹಾಕಿದಳು. ಅವ್ವನ ಕೈ ಮಡಿಲಲ್ಲೇ ಇತ್ತು. ಇನ್ನೂ ಜೋರಾಗಿ ಹಾಕಿದಳು. ಕೈ ಅಲುಗಲಿಲ್ಲ. ಸಾಹುಕಾರರು ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು.

ರಂಜನಾ ಕುರ್ಚಿಗೆ ತೀರ ಹತ್ತಿರ ಸರಿದಳು. ಬೆರಳು ಒತ್ತುತ್ತಲೇ ಕುರ್ಚಿಯ ಹಿಂಗಾಲಿಗೆ ಪಾದದಿಂದ ಮೆಲ್ಲನೆ ತಟ್ಟಿದಳು.

ಕೈ ಮೇಲೆದ್ದಿತು.

ಮತ್ತೆ ತಟ್ಟಿದಳು. ಮತ್ತೆ ಎದ್ದಿತು.

"ನೋಡ್ರೆಪಾ!" ಸಾಹುಕಾರರು ಎದ್ದು ನಿಂತು ಸಭೆಯ ಕಡೆ ತಿರುಗಿದರು. "ಮದುವಿ ಆಗಿ ಬಂದಾಗಿಂದ ನನ್ನ ಮಗ್ಗದಾಗ ನೇಯಾಕತ್ತಾಳ. ಏನಾಗೇತಿ ಈಕಿ ಕಿವಿಗೆ? ಕಿವಿ ಹೋದೂವು, ರೊಕ್ಕಾ ಕೊಡ್ರಿ ಅಂತ ಅಳತಿದ್ರಲ್ಲ, ನಾಟಕದವರು! ಸಾಲಿ ಹುಡುಗಿನೇ ತೋರ್ಸಿದ್ಲು. ಹೌದಿಲ್ಲೋ ತಂಗಿ?"

ರಂಜನಾ ಹಿಂದಿನ ಸಾಲಿನತ್ತ ನೋಡಲಿಲ್ಲ. ಅಲ್ಲಿ ಶಿವಗಂಗವ್ವ ಕುಳಿತಿದ್ದಳು.

"ಹೌದ್ರಿ," ಎಂದಳು.

ಚಪ್ಪಾಳೆ ಬಿದ್ದು ನಿಂತಿತು. ಮಂದಿ ಚಹಾದ ಕಡೆ ನಡೆದರು. ಅವ್ವ ಮಾತ್ರ ಗೋಡೆಗೆ ಮುಖ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದಿನದಕ್ಕೆ ಕಾಯುತ್ತಿದ್ದಳು. ದಾಟಿಹೋಗುವಾಗ ಯಾರದೋ ಕಾಲು ಕುರ್ಚಿಗೆ ಬಡಿಯಿತು.

ಅವ್ವ ಥಟ್ಟನೆ ಕೈ ಎತ್ತಿದಳು.