ಎಲ್ಲರೂ ಫೈಲಿನಿಂದ ಹೊರಗೆ ಬನ್ನಿ

ಅಮೆರಿಕದ ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನ ನಮ್ಮ ಗೋದಾಮಿನಲ್ಲಿ ಕಾರಿನ ಯಾವ ಬಿಡಿಭಾಗ ಯಾವ ರ‍್ಯಾಕಿನಲ್ಲಿದೆ ಎಂಬುದೆಲ್ಲ ಒಂದೇ ಒಂದು ಡೇಟಾಬೇಸ್ ಫೈಲಿನಲ್ಲಿತ್ತು. ಆರು ಜನ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ವೈ-ಫೈ ಮೂಲಕ ಅದನ್ನೇ ತೆರೆದುಕೊಂಡು ಕೂತಿರುತ್ತಿದ್ದರು. ಫೋರ್ಕ್‌ಲಿಫ್ಟಿಗೆ ಕಟ್ಟಿದ್ದ ಲ್ಯಾಪ್‌ಟಾಪು ಉಕ್ಕಿನ ರ‍್ಯಾಕುಗಳ ಹಿಂದೆ ಹೋಯಿತೋ, ಸಿಗ್ನಲ್ ಹೋಯಿತು. ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಂತು ಇಡೀ ಫೈಲು ಕೆಟ್ಟಿತು.

ರಿಪೇರಿ ಮಾಡುವವನು ನಾನು, ಉಪೇಂದ್ರ. ಎರಡೇ ನಿಮಿಷದ ಕೆಲಸ. ಆದರೆ ಮೊದಲು ಆರೂ ಜನ ಫೈಲು ಮುಚ್ಚಿ ಹೊರಗೆ ಬರಬೇಕು. ಒಬ್ಬೊಬ್ಬರ ಮೇಜಿಗೂ ಹೋಗಿ ಬೇಡುತ್ತಿದ್ದೆ. ಒಂದು ನಿಮಿಷ ಅನ್ನುತ್ತಿದ್ದರು. ಅಮೆರಿಕದ ಆ ಒಂದು ನಿಮಿಷ ನಮ್ಮ ತಾಲ್ಲೂಕು ಕಚೇರಿಯ ‘ನಾಳೆ ಬನ್ನಿ’ಗೆ ಖಾಸಾ ಸೋದರಮಾವ.

ಆ ಮೂಲೆಗೂ ಕೇಬಲ್ ಎಳೆಸಿ ಇನ್ನೊಂದು ವೈ-ಫೈ ಪೆಟ್ಟಿಗೆ ಕೂರಿಸಿದರೆ ತೊಂದರೆ ಮುಗಿಯಿತು ಎಂದು ಮ್ಯಾನೇಜರ್ ಡ್ವೇನ್‌ಗೆ ಮೂರು ಸಲ ಬರೆದುಕೊಟ್ಟಿದ್ದೆ. ಅದು ಎರಡು ಸಾವಿರದ ಒಂಬತ್ತು, ಕಾರು ಕಂಪನಿಗಳು ದಿವಾಳಿಯೆದ್ದ ವರ್ಷ. ಡೆಟ್ರಾಯಿಟ್ ಸುತ್ತಮುತ್ತ ಎಲ್ಲರೂ ಬಾಗಿಲು ಎಳೆಯುತ್ತಿದ್ದರೇ ಹೊರತು ಕೇಬಲ್ ಅಲ್ಲ.

ಜೂನ್‌ಗೆ ನನ್ನ ವೀಸಾ ಮುಗಿಯುತ್ತಿತ್ತು. ಮುಂದುವರಿಸುವ ಅರ್ಜಿಗೆ ಡ್ವೇನ್ ಸಹಿ ಹಾಕಬೇಕು. ಇನ್ನೊಮ್ಮೆ ಫೈಲು ಅರ್ಧ ದಿನ ಮಲಗಿದರೆ ಸಹಿಯ ಮಾತೇ ಎತ್ತಬೇಡ ಎಂದಿದ್ದ.

ಗುರುವಾರ ಹತ್ತಕ್ಕೆ ಫೈಲು ಮಲಗಿತು. ಹನ್ನೊಂದೂವರೆಯಾದರೂ ಇಬ್ಬರು ಹೊರಗೆ ಬಂದಿರಲಿಲ್ಲ. ಸಾಮಾನು ತುಂಬಿಸಿಕೊಳ್ಳಲು ಲಾರಿಗಳು ಕಾಯುತ್ತಿದ್ದವು. ಅಷ್ಟರಲ್ಲಿ ಹೆಂಡತಿ ಲಾವಣ್ಯಳ ಫೋನು.

“ಸಹಿ ಹಾಕಿದ್ನಾ?”

“ಫೈಲ್ ಮಲಗಿದೆ ಕಣೆ. ನನ್ ಮಾತು ಯಾರೂ ಕೇಳ್ತಿಲ್ಲ.”

“ಪಾತ್ರೆ ತೊಳೀವಾಗ ಡ್ವೇನ್ ಥರ ಗುಡುಗ್ತೀರಲ್ಲ, ಅಲ್ಲೂ ಹಾಗೇ ಗುಡುಗಿ.”

ತಮಾಷೆಗೆ ಹೇಳಿದ್ದಳು. ನಾನು ಹೋಗಿ ಇಡೀ ಗೋದಾಮಿಗೆ ಕೇಳುವ ಮೈಕಿನ ಮುಂದೆ ನಿಂತೆ. ಡ್ವೇನ್ ಬಾಯಿ ಬಿಡುವ ಮುಂಚೆ ಎರಡು ಸಲ ಕೆಮ್ಮುತ್ತಾನೆ. ಕೆಮ್ಮಿದೆ. ಜಲ್ಲಿ ಸುರಿದಂಥ ಅವನ ದನಿಯಲ್ಲಿ, ಎಲ್ಲರೂ ಈಗಲೇ ಫೈಲಿನಿಂದ ಹೊರಗೆ ಬನ್ನಿ ಎಂದೆ. ಹತ್ತು ಸೆಕೆಂಡಿನಲ್ಲಿ ಫೈಲು ಖಾಲಿ.

ರಿಪೇರಿ ಮುಗಿಸಿ ತಿರುಗಿದರೆ ಬಾಗಿಲಲ್ಲಿ ಡ್ವೇನ್. ಎರಡು ಸಲ ಕೆಮ್ಮಿದ; ಈ ಸಲ ಅಸಲಿ ಕೆಮ್ಮು. ನಾನು ಕುರ್ಚಿ ಬಿಟ್ಟು ಎದ್ದೆ.

ಅವನು ನನ್ನನ್ನು ನೋಡಿದ, ಸಾಮಾನು ತುಂಬಿಸಿಕೊಳ್ಳತೊಡಗಿದ್ದ ಲಾರಿಗಳನ್ನು ನೋಡಿದ. ಅರ್ಜಿ ತಾ ಎಂದ. ನಿಂತೇ ಸಹಿ ಹಾಕಿದ. ಮೂರು ವರ್ಷ ಸಿಕ್ಕೀತು. ಆ ಖುಷಿಯಲ್ಲಿ, ಇನ್ನು ಕೇಬಲ್ಲೂ ಎಳೆಸಿಬಿಡೋಣ ಎಂದೆ.

“ಕೇಬಲ್ ಯಾಕೆ? ನೀನಿದೀಯಲ್ಲ. ದಿನಾ ಹತ್ತಕ್ಕೊಂದ್ಸಲ, ಮೂರಕ್ಕೊಂದ್ಸಲ ಹೀಗೇ ಕೂಗಿ, ಕೆಡೋ ಮುಂಚೇನೇ ಫೈಲ್ ರಿಪೇರಿ ಮಾಡ್ಬಿಡು. ರಜೆ ಮಾತ್ರ ಕೇಳ್ಬೇಡ. ನನ್ನ ಥರ ಕೂಗೋಕೆ ಬೇರೆ ಯಾರಿಗೂ ಬರಲ್ಲ.”

ಮಧ್ಯಾಹ್ನ ಲಾವಣ್ಯ ಮತ್ತೆ ಫೋನ್ ಮಾಡಿದಳು. ಸಹಿಯ ಸುದ್ದಿ ಕೇಳಿ ಅತ್ತೇಬಿಟ್ಟಳು. ಆಮೇಲೆ, ಹಬ್ಬಕ್ಕೆ ಒಂದು ಶುಕ್ರವಾರ ರಜೆ ಹಾಕಿ ನಾಲ್ಕೈದು ಗಂಟೆ ದಾರಿಯ ಲೆಮಾಂಟ್ ಊರಿನ ದೇವಸ್ಥಾನಕ್ಕೆ ಡ್ರೈವ್ ಮಾಡ್ಕೊಂಡು ಹೋಗಿಬರೋಣವಾ ಎಂದು ಕೇಳಿದಳು.

ಗಡಿಯಾರದಲ್ಲಿ ಮೂರು ಹೊಡೆಯಲು ಒಂದು ನಿಮಿಷವಿತ್ತು. ಆಮೇಲೆ ಹೇಳ್ತೀನಿ ಎಂದು ಫೋನಿಟ್ಟೆ. ಎರಡು ಸಲ ಕೆಮ್ಮಿ, ಎಲ್ಲರನ್ನೂ ಹೊರಗೆ ಕಳಿಸಿದೆ.